ಚುಕ್ಕಿ ನೋಡುವ ಕಣ್ಣೂ ಗಣಕಯಂತ್ರದ ಬೆಳಕೂ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯ ನಾವು ಒಕ್ಕಲುಮಕ್ಕಳು. ರೋಹಿಣಿ, ಮೃಗಶಿರಾ, ಹಸ್ತಾ, ಚಿತ್ತಾ ಎಂದು ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದಲೇ ಎಣಿಸುವವರು. ಆದರೆ ಆ ನಕ್ಷತ್ರಗಳನ್ನು ಆಕಾಶದಲ್ಲಿ ಬೆರಳು ಮಾಡಿ ತೋರಿಸಬಲ್ಲವರು ನಮ್ಮಲ್ಲಿ ಎಷ್ಟು ಜನ? ಈ ಕೊರತೆಯನ್ನು ತುಂಬಿಕೊಳ್ಳಲು ಗಣಕಯಂತ್ರವು ಒಳ್ಳೆಯ ಗುರುವೇ ಸರಿ. ‘ಸ್ಟೆಲ್ಲೇರಿಯಂ’ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ನಾವಿರುವ ಸ್ಥಳವನ್ನು ತಿಳಿಸಿದರೆ ಆ ಹೊತ್ತಿನ ಆಕಾಶವನ್ನೇ ಕಣ್ಮುಂದೆ ತೆರೆದಿಡುತ್ತದೆ. ಆದರೆ ಗುರುವಿನ ದೀಪವೇ ಶಿಷ್ಯನ ಕಣ್ಣು ಕುಕ್ಕಬಾರದಷ್ಟೆ.

ಕತ್ತಲೆಯಲ್ಲಿ ನಮಗೆ ನೋಟ ಕೊಡುವುವು ಅಕ್ಷಿಪಟದ ದಂಡಕೋಶಗಳು. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ದ್ರವ್ಯವು ಪ್ರಖರವಾದ ಬೆಳಕು ಬಿದ್ದೊಡನೆ ಕೆಡುವುದು. ಮತ್ತೆ ತುಂಬಿಕೊಳ್ಳಲು ಅರ್ಧ ತಾಸಾದರೂ ಬೇಕು. 25 ಲಕ್ಷ ವರ್ಷ ನಡೆದು ಬಂದ ದೇವಯಾನಿ ಗೆಲಾಕ್ಸಿಯ ಮಸುಕು ಬೆಳಕನ್ನು ಬರಿಗಣ್ಣಿನಿಂದ ಕಾಣಬಹುದು. ಒಂದು ಬಿಳಿ ಪರದೆ ಅದನ್ನು ನಿಮಿಷದಲ್ಲಿ ನಮ್ಮಿಂದ ಕಸಿದುಕೊಳ್ಳುತ್ತದೆ.

ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತ ವಿಜ್ಞಾನಿಗಳು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ದೂರದರ್ಶಕವನ್ನು ಗಣಕಯಂತ್ರದಿಂದಲೇ ನಡೆಸುವುದಿಲ್ಲವೇ ಎಂದು ಕೆಲವರು ಕೇಳಬಹುದು. ನಿಜ. ಆದರೆ ಅಲ್ಲಿ ಆಕಾಶವನ್ನು ನೋಡುವುದು ಕ್ಯಾಮೆರಾ, ಮನುಷ್ಯನ ಕಣ್ಣಲ್ಲ. ಪರದೆಯೂ ದೂರದರ್ಶಕದಿಂದ ಬಹುದೂರ. ಹಾಗಿದ್ದೂ ಹಾನ್ಲೆಯ ಕತ್ತಲೆಯನ್ನು ಕಾಯಲು 2022ರಲ್ಲಿ ಸುತ್ತಲಿನ ಸೀಮೆಯನ್ನು ಮೀಸಲು ಪ್ರದೇಶವೆಂದು ಸಾರಲಾಯಿತು. ನಮ್ಮಲ್ಲಿ ಯಂತ್ರವೂ ಕಣ್ಣೂ ಒಂದೇ ಹೊಲದ ಬದುವಿನ ಮೇಲೆ ಇರುವಾಗ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಉಪಾಯ ಕಷ್ಟದ್ದಲ್ಲ. ಕಡುಗೆಂಪು ಬೆಳಕು ದಂಡಕೋಶಗಳನ್ನು ಅಷ್ಟಾಗಿ ತಾಕದು. ಸ್ಟೆಲ್ಲೇರಿಯಂನಲ್ಲಿ ‘ಕಂಟ್ರೋಲ್’ ಮತ್ತು ‘ಎನ್’ ಕೀಲಿಗಳನ್ನು ಕೂಡಿ ಒತ್ತಿದರೆ ಚಿತ್ರವೆಲ್ಲ ಕೆಂಪಾಗುವುದು. ಆದರೂ ಪರದೆಯ ಹಿಂದಿನ ದೀಪ ಒಂದಿಷ್ಟು ಸೋರುವುದರಿಂದ ಅದರ ಮೇಲೆ ಕೆಂಪು ಪಾರದರ್ಶಕ ಹಾಳೆಯನ್ನು ಎರಡು ಮೂರು ಪದರು ಹೊದಿಸಬೇಕು, ಪ್ರಕಾಶವನ್ನೂ ಇಳಿಸಬೇಕು. ಕೆಂಪಾದರೂ ಪ್ರಖರವಾದರೆ ಕೇಡೇ.

ಇದಕ್ಕಿಂತ ಮುಖ್ಯವಾದುದು ನಡವಳಿಕೆ. ನಕಾಶೆಯನ್ನು ಹಗಲಿನಲ್ಲೇ ಅಭ್ಯಾಸ ಮಾಡಿಕೊಂಡು ಬರೋಣ. ಇಡೀ ಗುಂಪಿಗೆ ಒಂದೇ ಯಂತ್ರ ಸಾಕು; ಮೊಬೈಲುಗಳು ಕಿಸೆಯಲ್ಲಿರಲಿ. ಒಬ್ಬನು ಬೆಳಗಿಸಿದ ಪರದೆ ಹತ್ತು ಜನರ ಅರ್ಧ ತಾಸನ್ನು ಕೆಡಿಸುತ್ತದೆ. ಇದು ನೆರೆಯವರ ಹಕ್ಕಿನ ಮಾತೂ ಹೌದು.

ವಿದ್ಯಾರ್ಥಿಮಿತ್ರರೇ, ಎರೆಹೊಲದ ಮೇಲಿನ ಬಯಲು ಆಕಾಶ ದೊಡ್ಡ ನಗರದವರಿಗೆ ದುರ್ಲಭವಾದ ಸಂಪತ್ತು. ಯಂತ್ರದಿಂದ ಹೆಸರನ್ನು ಕಲಿಯೋಣ. ಚುಕ್ಕಿಯನ್ನು ಮಾತ್ರ ನಮ್ಮ ಕಣ್ಣಿನಿಂದಲೇ ನೋಡೋಣ.