ವ್ಯಾಕರಣದ ಪ್ರಶ್ನೆ: ಕನ್ನಡ ಮರೆತು ಉತ್ತರಿಸಬೇಕೆ?

ಗೇಟ್ ಪರೀಕ್ಷೆಗೆ ಓದುವ ಬಿ.ಇ. ವಿದ್ಯಾರ್ಥಿಗಳು ಕೊನೆಗೆ ಮುಟ್ಟುವುದು ಜನರಲ್ ಆಪ್ಟಿಟ್ಯೂಡ್ ವಿಭಾಗವನ್ನು. 100 ಅಂಕಗಳಲ್ಲಿ ಅದಕ್ಕೆ ಸಿಗುವುದು 15, ಇರುವುದು 10 ಪ್ರಶ್ನೆ. ಅದರಲ್ಲೂ ಇಂಗ್ಲಿಷ್ ವ್ಯಾಕರಣದ್ದು ಎಂದರೆ ಒಂದೋ ಎರಡೋ. ‘ಅದಕ್ಕೇನು ಓದೋದು, ಕಿವಿಗೆ ಸರಿ ಅನಿಸಿದ್ದನ್ನು ಒತ್ತಿದರಾಯ್ತು’ ಎನ್ನುವವರು ಒಂದು ಕಡೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ‘ಅದು ನಮ್ಮಂಥವರಿಗಲ್ಲ’ ಎಂದು ಬಿಟ್ಟುಬಿಡುವವರು ಇನ್ನೊಂದು ಕಡೆ.

ಇಬ್ಬರಿಗೂ ನಷ್ಟವೇ. ಒಂದು ಅಂಕದ ಪ್ರಶ್ನೆ ತಪ್ಪಿದರೆ ಮೂರನೇ ಒಂದು ಅಂಕ, ಎರಡು ಅಂಕದ್ದು ತಪ್ಪಿದರೆ ಮೂರನೇ ಎರಡು ಅಂಕ ಕಳೆಯುತ್ತಾರೆ. ಎಂ.ಟೆಕ್. ಸೀಟಿಗೂ ಸಾರ್ವಜನಿಕ ಉದ್ದಿಮೆಗಳ ಕೆಲಸಕ್ಕೂ ಇದೇ ಅಂಕ ನೋಡುವಾಗ ಇದು ಸಣ್ಣ ಮಾತಲ್ಲ. ಅಲ್ಲದೆ, ಇಂಥ ಪ್ರಶ್ನೆಗಳಲ್ಲಿ ವಾಕ್ಯ ಕಟ್ಟುವುದೇ ಕಿವಿಗೆ ಮೋಸವಾಗುವ ಹಾಗೆ.

ತರಬೇತಿ ತರಗತಿಗಳಲ್ಲಿ ಕೇಳಿಬರುವ ಸಲಹೆಯೂ ನನಗೆ ಒಪ್ಪಿಗೆಯಿಲ್ಲ. ‘ಇಂಗ್ಲಿಷಿನಲ್ಲೇ ಯೋಚಿಸಿ, ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಳ್ಳಬೇಡಿ’ ಎನ್ನುತ್ತಾರೆ. ಸಂದರ್ಶನದಲ್ಲಿ ಮಾತಾಡುವಾಗ ಅದು ಸರಿಯಿರಬಹುದು. ವಾಕ್ಯ ತಿದ್ದುವ ಪ್ರಶ್ನೆಯಲ್ಲಿ ಕನ್ನಡವೇ ಎಷ್ಟೋ ಸಲ ಉತ್ತರ ಹೇಳಿಕೊಡುತ್ತದೆ.

‘ದ ಲಿಸ್ಟ್ ಆಫ್ ಸೆಲೆಕ್ಟೆಡ್ ಸ್ಟೂಡೆಂಟ್ಸ್ ಆರ್ ಆನ್ ದ ನೋಟಿಸ್ ಬೋರ್ಡ್’ ಎಂಬ ವಾಕ್ಯ ನೋಡಿ. ‘ಸ್ಟೂಡೆಂಟ್ಸ್’ ಪಕ್ಕದಲ್ಲೇ ‘ಆರ್’ ಇರುವುದರಿಂದ ಕಿವಿಗೆ ಸರಿಯಾಗಿಯೇ ಕೇಳುತ್ತದೆ. ಈಗ ಕನ್ನಡದಲ್ಲಿ ಹೇಳಿ: ಆಯ್ಕೆಯಾದ ವಿದ್ಯಾರ್ಥಿಗಳ ಪಟ್ಟಿ ನೋಟಿಸ್ ಬೋರ್ಡಿನಲ್ಲಿದೆ. ‘ಪಟ್ಟಿ ಬೋರ್ಡಿನಲ್ಲಿದ್ದಾರೆ’ ಎಂದು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಮುಖ್ಯವಾದ ನಾಮಪದ ಕೊನೆಗೆ ಬರುತ್ತದೆ. ‘ವಿದ್ಯಾರ್ಥಿಗಳ’ ಎಂಬುದು ಷಷ್ಠಿ ವಿಭಕ್ತಿ ಹೊತ್ತು ಹಿಂದೆ ಸರಿದಿರುತ್ತದೆ. ಹಾಗಾಗಿ ‘ಆರ್’ ಅಲ್ಲ, ‘ಈಸ್’. ಬಂದ, ಬಂದಳು, ಬಂದಿತು, ಬಂದರು ಎಂದು ಲಿಂಗವನ್ನೂ ನೋಡಿ ಕ್ರಿಯಾಪದ ಬದಲಿಸುವವರು ನಾವು. ಗೇಟ್ ಪಠ್ಯಕ್ರಮದಲ್ಲಿ ಹೆಸರಿಸಿಯೇ ಇರುವ ನಾಮಪದ, ಕ್ರಿಯಾಪದಗಳ ಹೊಂದಾಣಿಕೆಗೆ ನಾವು ಹೆದರುವುದು ವಿಚಿತ್ರ.

‘ಒನ್ ಆಫ್ ಮೈ ಫ್ರೆಂಡ್’ ಎಂದು ಬರೆಯುವವರು ‘ನನ್ನ ಸ್ನೇಹಿತರಲ್ಲಿ ಒಬ್ಬ’ ಎಂದು ಒಮ್ಮೆ ಹೇಳಿಕೊಂಡರೆ ಸಾಕು, ಬಹುವಚನ ಎಲ್ಲಿರಬೇಕೆಂದು ತಿಳಿಯುತ್ತದೆ. ‘ಆಲ್ದೋ’ ಬಂದ ವಾಕ್ಯಕ್ಕೆ ಮತ್ತೆ ‘ಬಟ್’ ಸೇರಿಸುವುದೂ ಅಷ್ಟೇ. ‘ಮಳೆ ಬಂದರೂ ಆದರೆ ಪಂದ್ಯ ನಡೆಯಿತು’ ಎಂದು ಯಾರು ತಾನೇ ಹೇಳುತ್ತಾರೆ? ಇನ್ನು ‘ವಾಕಿಂಗ್ ಟು ಕಾಲೇಜ್, ಎ ಡಾಗ್ ಬಿಟ್ ಹಿಮ್’ ಎಂಬಂಥ ವಾಕ್ಯದ ತಪ್ಪು ಇಂಗ್ಲಿಷಿನಲ್ಲಿ ಬೇಗ ಕಾಣುವುದಿಲ್ಲ. ‘ಕಾಲೇಜಿಗೆ ನಡೆದುಹೋಗುತ್ತಾ ನಾಯಿ ಅವನನ್ನು ಕಚ್ಚಿತು’ ಎಂದರೆ, ಆ ನಾಯಿ ಯಾವ ಬ್ರಾಂಚು ಎಂದು ಕೇಳಬೇಕಾಗುತ್ತದೆ!

ಹಾಗೆಂದು ಎಲ್ಲ ಕಡೆ ಕನ್ನಡವನ್ನು ನಂಬುವಂತಿಲ್ಲ. ಎರಡು ವರ್ಷದಿಂದ ಇಲ್ಲಿದ್ದೇನೆ, ಸೋಮವಾರದಿಂದ ಇಲ್ಲಿದ್ದೇನೆ, ಮೈಸೂರಿನಿಂದ ಬಂದೆ, ಚಾಕುವಿನಿಂದ ಕತ್ತರಿಸಿದೆ. ನಮಗೆ ಎಲ್ಲದಕ್ಕೂ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಇವು ಫಾರ್, ಸಿನ್ಸ್, ಫ್ರಮ್, ವಿತ್ ಎಂದು ನಾಲ್ಕಾಗುತ್ತವೆ. ‘ಐ ಆ್ಯಮ್ ಹಿಯರ್ ಸಿನ್ಸ್ ಟೂ ಇಯರ್ಸ್’ ಹುಟ್ಟುವುದು ಇಲ್ಲಿಂದಲೇ. ಕಾಲದ ಅವಧಿಗೆ ಫಾರ್, ಶುರುವಾದ ಗಳಿಗೆಗೆ ಸಿನ್ಸ್, ಜೊತೆಗೆ ‘ಹ್ಯಾವ್ ಬೀನ್’. ‘ಬಗ್ಗೆ ಚರ್ಚಿಸು’ ಎಂಬುದರಿಂದ ಬಂದದ್ದು ‘ಡಿಸ್ಕಸ್ ಅಬೌಟ್’. ಅಲ್ಲಿ ‘ಅಬೌಟ್’ ಬೇಕಿಲ್ಲ. ‘ಎ’, ‘ಆ್ಯನ್’, ‘ದ’ ವಿಷಯದಲ್ಲಂತೂ ಕನ್ನಡದಿಂದ ಸಹಾಯವೇ ಇಲ್ಲ, ಕೂತು ಅಭ್ಯಾಸ ಮಾಡಲೇಬೇಕು.

ಆದ್ದರಿಂದ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ‘ಉತ್ತರ ಬಿ’ ಎಂದು ಬರೆದು ಮುಂದೆ ಹೋದರೆ ಪ್ರಯೋಜನ ಕಡಿಮೆ. ಉಳಿದ ಮೂರು ಏಕೆ ತಪ್ಪು ಎಂದು ಒಂದೊಂದು ಸಾಲು ಬರೆಯಬೇಕು. ನಾನು ಪುಟದ ಎಡಗಡೆ ಕನ್ನಡ ದಾರಿ ತೋರಿದ ವಾಕ್ಯಗಳನ್ನೂ ಬಲಗಡೆ ದಾರಿ ತಪ್ಪಿಸಿದ ವಾಕ್ಯಗಳನ್ನೂ ಬರೆದಿಡುತ್ತೇನೆ. ಬಲಗಡೆಯ ಪಟ್ಟಿ ಎಲ್ಲರೂ ಹೆದರಿಸುವಷ್ಟು ಉದ್ದವಿಲ್ಲ. ಅದೇ ಏಳೆಂಟು ತಪ್ಪುಗಳು ಮತ್ತೆ ಮತ್ತೆ ಬರುತ್ತವೆ.

ಎಂಬಿಎ ಕನಸಿರುವವರಿಗೆ ಒಂದು ಮಾತು: 2023ರ ನವೆಂಬರಿನಲ್ಲಿ ಬಂದ ಜಿಮ್ಯಾಟ್‌ನ ಹೊಸ ರೂಪದಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳೇ ಇಲ್ಲ. ಸೀನಿಯರುಗಳು ಬಿಟ್ಟುಹೋದ ದಪ್ಪ ಪುಸ್ತಕದಲ್ಲಿ ಆ ಅಧ್ಯಾಯಕ್ಕೆ ತಿಂಗಳುಗಟ್ಟಲೆ ಸಮಯ ಕೊಡಬೇಡಿ. ಬ್ಯಾಂಕ್ ಪರೀಕ್ಷೆ ಬರೆಯುವವರಿಗೆ ಮಾತ್ರ ತಪ್ಪು ಹುಡುಕುವ ಅಭ್ಯಾಸ ಈಗಲೂ ಬೇಕು.

ಕಾಲೇಜುಗಳು ಕ್ಯಾಂಪಸ್ ನೇಮಕಾತಿಗೆಂದು ಹೊರಗಿನವರನ್ನು ಕರೆಸಿ, ಸ್ಲೈಡ್ ತೋರಿಸಿ ಇಂಗ್ಲಿಷ್ ತರಬೇತಿ ಕೊಡಿಸುತ್ತವೆ. ನಮ್ಮ ಬೇಡಿಕೆ ಅದಕ್ಕಿಂತ ಚಿಕ್ಕದು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳನ್ನೂ ಇಂಗ್ಲಿಷಿನ ಪ್ರಿಪೊಸಿಷನ್‌ಗಳನ್ನೂ ಒಂದೇ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದು ಪಾಠ ಮಾಡಲಿ. ಸೆಮಿಸ್ಟರಿಗೆ ಎರಡು ಗಂಟೆ ಸಾಕು. ಕನ್ನಡದ ಮೇಷ್ಟ್ರು, ಇಂಗ್ಲಿಷ್ ಮೇಡಂ ಇಬ್ಬರೂ ಒಪ್ಪಿದರೆ ಬರುವ ವಾರವೇ ಶುರು ಮಾಡಬಹುದು.