ಗುಂಯ್ ಎನ್ನುವ ಸ್ಪೀಕರು, ಕೇಳಿಸದ ಕನ್ನಡ



ನ್ಯೂಯಾರ್ಕ್-ನ್ಯೂಜೆರ್ಸಿ ಭಾಗದ ನಮ್ಮ ಕಾರ್ಯಕ್ರಮಗಳಲ್ಲಿ ಎರಡು ಸಂಗತಿಗಳು ತಪ್ಪುವುದೇ ಇಲ್ಲ. ಒಂದು, ಊಟಕ್ಕೆ ಬಿಸಿಬೇಳೆಬಾತು. ಇನ್ನೊಂದು, ಸ್ಪೀಕರಿನಿಂದ ಬರುವ "ಗುಂಯ್..." ಎಂಬ ಶಬ್ದ. ಮೊದಲನೆಯದಕ್ಕೆ ಉಪ್ಪು ಒಂದಿಷ್ಟು ಹೆಚ್ಚಾದರೆ ಸಮಿತಿಯವರು ಮುಂದಿನ ಯುಗಾದಿಯವರೆಗೂ ಮಾತು ಕೇಳಬೇಕು. ಎರಡನೆಯದರ ಬಗ್ಗೆ ಮಾತ್ರ ಯಾರೂ ತುಟಿ ಪಿಟಕ್ ಅನ್ನುವುದಿಲ್ಲ. "ಸ್ಕೂಲ್ ಆಡಿಟೋರಿಯಂ ಬಾಡಿಗೆಗೆ ತಗೊಂಡ್ರೆ ಇಷ್ಟೇ ಕಣ್ರೀ" ಎಂದು ಹಣೆಬರಹದ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಇದು ಹಣೆಬರಹವಲ್ಲ ಸ್ವಾಮಿ, ಬರೀ ವೈರಿನ ತಕರಾರು. ಇನ್ನೂರು ಮುನ್ನೂರು ಡಾಲರಿನಲ್ಲಿ ಬಗೆಹರಿಯುವಂಥದ್ದು. ನಾವು ಬಗೆಹರಿಸಲೇಬೇಕಾದದ್ದು ಎನ್ನುವುದು ನನ್ನ ವಾದ.

ನಾನು ಓದಿದ್ದು ಎಲೆಕ್ಟ್ರಾನಿಕ್ಸು, ಅನ್ನ ಕೊಡುತ್ತಿರುವುದು ಸಾಫ್ಟ್‌ವೇರು. ನಮ್ಮಲ್ಲಿ ಅರ್ಧ ಜನರ ಕಥೆ ಇದೇ. ಕಾಲೇಜಿನಲ್ಲಿ "ಡಿಫರೆನ್ಷಿಯಲ್ ಆಂಪ್ಲಿಫೈಯರಿನ ಕಾಮನ್ ಮೋಡ್ ರಿಜೆಕ್ಷನ್ ವಿವರಿಸಿ" ಎಂಬ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತವರು ನಾವು. ಆ ಪ್ರಶ್ನೆ ಈಗ ಆಡಿಟೋರಿಯಮ್ಮಿನಲ್ಲಿ ಕುಳಿತು ನಮ್ಮನ್ನೇ ನೋಡಿ ಗುಂಯ್ ಅನ್ನುತ್ತಿದೆ!

ವಿಷಯ ಇಷ್ಟೇ. ಆಡಿಟೋರಿಯಮ್ಮಿನ ಮಿಕ್ಸರಿನಲ್ಲಿ ಮೈಕಿಗೆ ಇರುವುದು ಮೂರು ಪಿನ್ನಿನ ಎಕ್ಸ್ಎಲ್ಆರ್ ಕಿಂಡಿ. ಅದರಲ್ಲಿ 1ನೇ ಪಿನ್ ಕೇಬಲ್ಲಿನ ಹೊರಕವಚಕ್ಕೆ. 2 ಮತ್ತು 3ನೇ ಪಿನ್ನುಗಳಲ್ಲಿ ಧ್ವನಿಯ ಎರಡು ವೈರು. ಇದಕ್ಕೆ ಬ್ಯಾಲೆನ್ಸ್ಡ್ ಎನ್ನುತ್ತಾರೆ. ನಮ್ಮೂರ ಸಂತೆಯ ತಕ್ಕಡಿ ನೆನಪಿಸಿಕೊಳ್ಳಿ. ಎರಡೂ ತಟ್ಟೆಗೆ ಸಮನಾಗಿ ದೂಳು ಬಿದ್ದರೆ ಮುಳ್ಳು ಅಲುಗುವುದಿಲ್ಲ, ವ್ಯತ್ಯಾಸವಿದ್ದರಷ್ಟೇ ಅಲುಗುತ್ತದೆ. ಮಿಕ್ಸರ್ ಕೂಡ ಹಾಗೇ ಎರಡು ವೈರುಗಳ ವ್ಯತ್ಯಾಸವನ್ನಷ್ಟೇ ಕೇಳಿಸಿಕೊಳ್ಳುತ್ತದೆ. ದಾರಿಯಲ್ಲಿ ದೀಪದ ಡಿಮ್ಮರಿನಿಂದಲೋ ಕರೆಂಟಿನ ವೈರಿನಿಂದಲೋ ಅಂಟಿಕೊಂಡ ಗದ್ದಲ ಎರಡಕ್ಕೂ ಸಮನಾಗಿ ಬಿದ್ದಿರುವುದರಿಂದ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಅದಕ್ಕೇ ಮೈಕಿನ ಕೇಬಲ್ ನೂರು ಅಡಿ ಎಳೆದರೂ ತೊಂದರೆಯಿಲ್ಲ.

ನಾವು ಮನೆಯಿಂದ ಒಯ್ಯುವ ಲ್ಯಾಪ್‌ಟಾಪು, ಕೀಬೋರ್ಡು, ಎಲೆಕ್ಟ್ರಾನಿಕ್ ತಂಬೂರಿಗಳು ಸಾಮಾನ್ಯವಾಗಿ ಅನ್‌ಬ್ಯಾಲೆನ್ಸ್ಡ್ ಜಾತಿಯವು. ಇಲ್ಲಿ ಧ್ವನಿಗೆ ಒಂದೇ ವೈರು, ವಾಪಸ್ ಬರುವ ದಾರಿ ಹೊರಕವಚವೇ. ಅಂದರೆ ಒಂದೇ ತಟ್ಟೆಯ ತಕ್ಕಡಿ. ತುದಿಗೆ ಎಕ್ಸ್ಎಲ್ಆರ್ ಅಡಾಪ್ಟರ್ ಸಿಕ್ಕಿಸಿದ ಮಾತ್ರಕ್ಕೆ ಎರಡನೇ ತಟ್ಟೆ ಹುಟ್ಟಿಕೊಳ್ಳುವುದಿಲ್ಲ. ಅದರ ಮೇಲೆ ಲ್ಯಾಪ್‌ಟಾಪಿನ ಚಾರ್ಜರು ವೇದಿಕೆಯ ಸಾಕೆಟ್ಟಿನಲ್ಲಿ, ಮಿಕ್ಸರು ಹಾಲಿನ ಹಿಂದಿನ ಸಾಕೆಟ್ಟಿನಲ್ಲಿ. ಎರಡೂ ಕಡೆಯ ಅರ್ಥಿಂಗ್ ಒಂದೇ ಮಟ್ಟದಲ್ಲಿರುವುದಿಲ್ಲ. ನಡುವೆ ನಮ್ಮ ಕೇಬಲ್ಲಿನ ಕವಚ ಸೇತುವೆಯಾಗಿ, ಅದರಲ್ಲಿ ಕರೆಂಟು ಹರಿದು, ಅದೇ ಧ್ವನಿಯ ಜೊತೆ ಸೇರಿಕೊಳ್ಳುತ್ತದೆ. ಅಮೆರಿಕದಲ್ಲಿ ಈ ಗುಂಯ್ 60 ಹರ್ಟ್ಸ್ ಮತ್ತು ಅದರ ಮಗ್ಗಿ, ಊರಲ್ಲಾದರೆ 50. ಈ 60 ಹರ್ಟ್ಸ್ ಕೀಬೋರ್ಡಿನ ಎರಡು ಮನೆಗಳ ನಡುವೆ ಬೀಳುವುದರಿಂದ ನಮ್ಮ ಗಾಯಕರು ಎಷ್ಟನೇ ಮನೆ ಶ್ರುತಿಯಲ್ಲಿ ಹಾಡಿದರೂ ಅಪಶ್ರುತಿಯೇ!

ಇನ್ನೊಂದು ತಾಪತ್ರಯ ಮಟ್ಟದ್ದು. ಮನೆಯ ಸಲಕರಣೆಗಳ ಲೈನ್ ಮಟ್ಟ ಸುಮಾರು 0.32 ವೋಲ್ಟ್, ವೃತ್ತಿಪರ ಸಲಕರಣೆಗಳದ್ದು 1.23 ವೋಲ್ಟ್. ನಮ್ಮದು ಕಾಲು ಭಾಗ. ಹಾಡು ಸಣ್ಣಗೆ ಕೇಳುತ್ತದೆಂದು ಗುಂಡಿ ತಿರುಗಿಸಿದರೆ ಹಾಡಿನ ಜೊತೆ ಗುಂಯ್ ಕೂಡ ಏರುತ್ತದೆ.

ಇದಕ್ಕಿಂತ ತಮಾಷೆಯ ಪ್ರಸಂಗವೊಂದಿದೆ, ನೀವೂ ನೋಡಿರಬಹುದು. ನೃತ್ಯಕ್ಕೆ ಸಿನಿಮಾ ಹಾಡು ಹಾಕಿದರೆ ತಬಲಾ, ಪಿಟೀಲು ಎಲ್ಲ ಕೇಳುತ್ತದೆ, ಹಾಡುವವರ ದನಿಯೇ ಮಾಯ! ಫೈಲು ಕೆಟ್ಟಿದೆ ಎಂದು ಎಲ್ಲರೂ ಲ್ಯಾಪ್‌ಟಾಪಿಗೆ ಮುತ್ತಿಗೆ ಹಾಕುತ್ತಾರೆ. ಫೈಲು ಸರಿಯಾಗಿಯೇ ಇರುತ್ತದೆ. ಹೆಡ್‌ಫೋನ್ ಪಿನ್ನಿನಿಂದ ಎಕ್ಸ್ಎಲ್ಆರ್‌ಗೆ ಹೋಗುವ ಕೆಲವು ಕೇಬಲ್ಲುಗಳಲ್ಲಿ ಎಡಗಡೆಯ ಚಾನೆಲ್ 2ನೇ ಪಿನ್ನಿಗೆ, ಬಲಗಡೆಯದ್ದು 3ನೇ ಪಿನ್ನಿಗೆ ಹೋಗಿರುತ್ತದೆ. ಗಾಯಕರ ದನಿ ಸಾಮಾನ್ಯವಾಗಿ ಎರಡೂ ಚಾನೆಲ್ಲಿನಲ್ಲಿ ಸಮನಾಗಿರುತ್ತದೆ. ಎರಡೂ ತಟ್ಟೆಗೆ ಒಂದೇ ತೂಕ ಬಿದ್ದರೆ ಮುಳ್ಳು ಅಲುಗೀತೇ? ಮಿಕ್ಸರು ಪಾಪ, ದೂಳೆಂದುಕೊಂಡು ದನಿಯನ್ನೇ ಅಳಿಸಿಹಾಕುತ್ತದೆ.

ಇದೇನೂ ಹೊಸ ಕಾಯಿಲೆಯಲ್ಲ, ಮದ್ದೂ ಹೊಸದಲ್ಲ. ಮೊದಮೊದಲ ಟೆಲಿಫೋನುಗಳು ಒಂದೇ ತಂತಿಯಲ್ಲಿ ಮಾತು ಕಳಿಸಿ, ವಾಪಸ್ ದಾರಿಗೆ ಭೂಮಿಯನ್ನೇ ಬಳಸುತ್ತಿದ್ದವು. ವಿದ್ಯುತ್ ದೀಪ, ವಿದ್ಯುತ್ ಟ್ರಾಮುಗಳು ಬಂದ ಮೇಲೆ ಅವುಗಳ ಗದ್ದಲವೆಲ್ಲ ಫೋನಿನೊಳಕ್ಕೆ ನುಗ್ಗಿತು. ಎರಡು ತಂತಿ ಹೊಸೆದು ಹಾಕಿದರೆ ಗದ್ದಲ ಅಳಿಯುತ್ತದೆ ಎಂಬ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದರು. ಅವರ ಹೆಸರಿನ ಬೆಲ್ ಲ್ಯಾಬ್ಸ್ ಮೊದಲು ಇದ್ದದ್ದು ಮ್ಯಾನ್‌ಹಟನ್ನಿನ ವೆಸ್ಟ್ ಸ್ಟ್ರೀಟಿನಲ್ಲಿ, ಆಮೇಲೆ ಬೆಳೆದದ್ದು ನಮ್ಮ ನ್ಯೂಜೆರ್ಸಿಯ ಮರ್ರೆ ಹಿಲ್ಲಿನಲ್ಲಿ. ಆಡಿಯೋ ಎಂಜಿನಿಯರಿಂಗ್ ಸೊಸೈಟಿ 1948ರಲ್ಲಿ ಹುಟ್ಟಿದ್ದೂ ನ್ಯೂಯಾರ್ಕಿನಲ್ಲೇ. ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ ತಾನೇ?

"ಒಂದಿಷ್ಟು ಗುಂಯ್ ಅಂದರೆ ಪ್ರಪಂಚ ಮುಳುಗುತ್ತಾ?" ಎಂದು ನೀವು ಕೇಳಬಹುದು. ಹಿಂದೊಂದು ರಾಜ್ಯೋತ್ಸವದಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಒನಕೆ ಓಬವ್ವನ ಏಕಪಾತ್ರಾಭಿನಯ ಮಾಡಿದಳು. ಹಿನ್ನೆಲೆ ಸಂಗೀತ ಲ್ಯಾಪ್‌ಟಾಪಿನಿಂದ. ಗುಂಯ್ ತಡೆಯಲಾರದೆ ಮಿಕ್ಸರಿನ ಬಳಿ ಇದ್ದವರು ಒಟ್ಟು ವಾಲ್ಯೂಮನ್ನೇ ಇಳಿಸಿದರು. ಮಗುವಿನ ಮೈಕೂ ಅದರ ಜೊತೆಗೇ ಇಳಿಯಿತು. ನನ್ನ ಪಕ್ಕದಲ್ಲಿ ದಾವಣಗೆರೆಯಿಂದ ಬಂದಿದ್ದ ಅವಳ ಅಜ್ಜಿ ಕೂತಿದ್ದರು. "ಏನಂದ್ಲಪ್ಪಾ ಮಗು? ನಂಗೇನೂ ಕೇಳಿಸ್ಲಿಲ್ಲ" ಎಂದರು. ಶಾಲೆಯಲ್ಲಿ ಇಂಗ್ಲಿಷು, ಗೆಳತಿಯರ ಜೊತೆ ಇಂಗ್ಲಿಷು, ಮನೆಯಲ್ಲಿ ಅರ್ಧ ಇಂಗ್ಲಿಷು. ಆ ಮಗು ಪೂರ್ತಿ ಕನ್ನಡದಲ್ಲಿ ಮೂರು ನಿಮಿಷ ಮಾತಾಡಲು ತಿಂಗಳುಗಟ್ಟಲೆ ಅಭ್ಯಾಸ ಮಾಡಿತ್ತು. ಆ ಮೂರು ನಿಮಿಷಕ್ಕಾಗಿಯೇ ತಾನೇ ನಾವು ಕೂಟ ಕಟ್ಟಿಕೊಂಡಿರುವುದು? ಬ್ಯಾನರಿನಲ್ಲಿ "ಕನ್ನಡ ಉಳಿಸಿ" ಎಂದು ದೊಡ್ಡಕ್ಷರದಲ್ಲಿ ಬರೆದು, ವೇದಿಕೆಯ ಮೇಲಿನ ಕನ್ನಡ ನಾಲ್ಕನೇ ಸಾಲಿಗೆ ತಲುಪದಿದ್ದರೆ ಏನು ಬಂತು?

ಇನ್ನು ನಗುವ ವಿಷಯವಲ್ಲದ್ದು ಒಂದಿದೆ. ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕುವುದು, ಇಲ್ಲವೇ ಅರ್ಥಿಂಗ್ ಪಿನ್ನನ್ನೇ ಮುರಿದುಹಾಕುವುದು ಕೆಲವರ ಕೈಚಳಕ. ಗುಂಯ್ ನಿಲ್ಲುವುದೂ ಉಂಟು. ಆದರೆ ಆಮೇಲೆ ಸಲಕರಣೆಯೊಳಗೆ ಒಂದು ವೈರು ಕಳಚಿ ಲೋಹದ ಮೈಗೆ ತಾಕಿದರೆ ಕರೆಂಟಿಗೆ ಭೂಮಿಗಿಳಿಯುವ ದಾರಿಯೇ ಇರುವುದಿಲ್ಲ. ಒಂದು ಕೈಯಲ್ಲಿ ಮೈಕ್ ಹಿಡಿದು ಇನ್ನೊಂದು ಕೈಯಿಂದ ಕೀಬೋರ್ಡ್ ಮುಟ್ಟಿದವರ ಮೈಯೇ ಆ ದಾರಿಯಾಗುತ್ತದೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಸರಿಯಾಗಿ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ, ವೇದಿಕೆಯ ಮೇಲೆಯೇ ಶಾಕ್ ಹೊಡೆದು ತೀರಿಕೊಂಡ. ನಮ್ಮ ವೇದಿಕೆಯ ಮೇಲೆ ನಿಲ್ಲುವವರು ಮಕ್ಕಳು. ಮೂರನೇ ಪಿನ್ನಿಗೆ ಕೈ ಹಾಕಕೂಡದು ಎನ್ನುವುದು ಕೂಟದ ಲಿಖಿತ ನಿಯಮವಾಗಲಿ.

ಹಾಗಾದರೆ ಮದ್ದೇನು? ಡಿಐ ಬಾಕ್ಸ್ ಎಂಬ, ಚಿಕ್ಕ ತಿಂಡಿ ಡಬ್ಬಿಯಷ್ಟು ದೊಡ್ಡದಾದ ಪೆಟ್ಟಿಗೆ. ಟ್ರಾನ್ಸ್‌ಫಾರ್ಮರ್ ಇರುವಂಥದ್ದನ್ನೇ ಕೊಳ್ಳಬೇಕು. ಒಳಗೆ ಎರಡು ಸುರುಳಿಗಳಿದ್ದು, ಧ್ವನಿ ಒಂದರಿಂದ ಇನ್ನೊಂದಕ್ಕೆ ಅಯಸ್ಕಾಂತದ ಮೂಲಕ ದಾಟುತ್ತದೆ. ಅದರ ಮೇಲೆ "ಗ್ರೌಂಡ್ ಲಿಫ್ಟ್" ಎಂಬ ಸ್ವಿಚ್ ಇರುತ್ತದೆ. ಅದು ಬಿಡಿಸುವುದು ಆಡಿಯೋ ಕೇಬಲ್ಲಿನ ಕವಚವನ್ನು, ಗೋಡೆಯ ಸಾಕೆಟ್ಟಿನ ಅರ್ಥಿಂಗನ್ನಲ್ಲ. ಆದ್ದರಿಂದ ಅಪಾಯವಿಲ್ಲ. ಪೆಟ್ಟಿಗೆ ಲ್ಯಾಪ್‌ಟಾಪಿನ ಪಕ್ಕದಲ್ಲೇ ಇರಬೇಕು, ಅಲ್ಲಿಂದ ಮಿಕ್ಸರಿನ ಮೈಕ್ ಕಿಂಡಿಯವರೆಗೆ ಮಾಮೂಲಿ ಮೈಕ್ ಕೇಬಲ್. ಲ್ಯಾಪ್‌ಟಾಪಿಗೆ ಎಡ-ಬಲ ಎರಡೂ ಚಾನೆಲ್ಲಿನದ್ದು ಬೇಕು, ಆಗ ಗಾಯಕರ ದನಿಯೂ ಮಾಯವಾಗುವುದಿಲ್ಲ. ಸಾಧಾರಣದ್ದು ಕಡಿಮೆಗೂ ಸಿಗುತ್ತದೆ, ಒಳ್ಳೆಯದಕ್ಕೆ ನೂರು ಇನ್ನೂರು ಡಾಲರ್ ಕೊಟ್ಟರೆ ವರ್ಷಗಟ್ಟಲೆ ಬಾಳುತ್ತದೆ. (ಮ್ಯಾನ್‌ಹಟನ್ನಿನ ಬಿ ಅಂಡ್ ಎಚ್ ಅಂಗಡಿಗೆ ಕಾರ್ಯಕ್ರಮದ ದಿನ ಓಡಿಹೋಗಿ ತರೋಣ ಎಂದುಕೊಳ್ಳಬೇಡಿ, ಶನಿವಾರ ಹಗಲು ಅವರು ಬಾಗಿಲು ಹಾಕಿರುತ್ತಾರೆ!)

"ಚಾರ್ಜರ್ ಕಿತ್ತರೆ ಗುಂಯ್ ಹೋಗುತ್ತಲ್ಲ" ಎನ್ನುವವರಿದ್ದಾರೆ. ನಿಜ, ಕಾಯಿಲೆ ಯಾವುದೆಂದು ಪತ್ತೆ ಮಾಡಲು ಅದು ಒಳ್ಳೆಯ ಉಪಾಯ. ಆದರೆ ನಮ್ಮ ಕಾರ್ಯಕ್ರಮದ ಉದ್ದಕ್ಕೆ ಯಾವ ಬ್ಯಾಟರಿ ಬಾಳೀತು, ಹೇಳಿ? "ಬ್ಲೂಟೂತ್ ಇದೆಯಲ್ಲ" ಎನ್ನುವವರಿಗೆ ಒಂದೇ ಪ್ರಶ್ನೆ: ಸುಗ್ಗಿ ಕುಣಿತದ ನಡುವೆ ಸಂಪರ್ಕ ತಪ್ಪಿದರೆ ಹದಿನಾರು ಮಕ್ಕಳು ಕಾಲೆತ್ತಿಕೊಂಡು ನಿಂತಿರಬೇಕೇ? ವೃತ್ತಿಪರರನ್ನು ಕರೆಸಲು ಹಣವಿದ್ದರೆ ಖಂಡಿತ ಕರೆಸೋಣ. ಇಲ್ಲದ ದಿನಕ್ಕಾದರೂ ನಮ್ಮ ಗಂಟಿನಲ್ಲಿ ಮದ್ದು ಇರಲಿ.

ಸಮಿತಿಗೆ ನನ್ನ ಕೋರಿಕೆ ಮೂರು. ಒಂದು, ಎರಡು ಚಾನೆಲ್ಲಿನ ಒಂದು ಡಿಐ ಬಾಕ್ಸು, ಒಂದು ಚಾನೆಲ್ಲಿನದ್ದು ಇನ್ನೊಂದು, ನಾಲ್ಕು ಮೈಕ್ ಕೇಬಲ್ಲು ಕೂಟದ ಆಸ್ತಿಯಾಗಲಿ. ಎರಡು, ಎಲ್ಲ ತಂಡಗಳ ಹಾಡುಗಳೂ ಎರಡು ದಿನ ಮೊದಲೇ ಒಂದೇ ಲ್ಯಾಪ್‌ಟಾಪಿಗೆ ಬರಲಿ, ಬಾಗಿಲು ತೆರೆಯುವ ಮೊದಲು ಒಂದು ಗಂಟೆ ಧ್ವನಿ ಪರೀಕ್ಷೆಗೇ ಮೀಸಲಾಗಲಿ. ಮೂರು, ಮಿಕ್ಸರಿನ ಬಳಿ ನಮ್ಮ ಹೈಸ್ಕೂಲಿನ ಹುಡುಗ ಹುಡುಗಿಯರನ್ನು ಕೂರಿಸೋಣ. "ನಮಗೆ ಕನ್ನಡ ಸರಿಯಾಗಿ ಬರಲ್ಲ" ಎಂದು ಲಾಬಿಯಲ್ಲಿ ಫೋನ್ ನೋಡುತ್ತಾ ಕೂರುವ ಮಕ್ಕಳಿಗೆ ಇದು ಚೆನ್ನಾಗಿಯೇ ಬರುತ್ತದೆ. ಯಾವ ಮಾತು ಮುಗಿದ ಮೇಲೆ ಯಾವ ಹಾಡು ಹಾಕಬೇಕು ಎಂದು ತಿಳಿಯಬೇಕಾದರೆ ಅವರು ಇಡೀ ಸಂಜೆ ಕಿವಿಗೊಟ್ಟು ಕನ್ನಡ ಕೇಳಲೇಬೇಕು! ಕನ್ನಡ ಕಲಿಸಲು ಇದಕ್ಕಿಂತ ಸುಲಭದ ತರಗತಿ ನನಗಂತೂ ಗೊತ್ತಿಲ್ಲ.

ಊಟದ ಸಮಿತಿ ಇದೆ, ಅಲಂಕಾರದ ಸಮಿತಿ ಇದೆ. ಕಿವಿಗೂ ಒಂದು ಸಮಿತಿ ಬೇಡವೇ? ವೈರು ಹಿಡಿಯಲು, ಮಕ್ಕಳಿಗೆ ಹೇಳಿಕೊಡಲು ನಾನು ಸಿದ್ಧ. ಇನ್ನಿಬ್ಬರು ಕೈಜೋಡಿಸಿದರೆ ಸಾಕು.

ಏನಂತೀರಿ?