ಬೀದಿ ಯಾರ ಸ್ವತ್ತು?

ನಗರದ ಬೀದಿಗಳಿರುವುದು ವಾಹನಗಳಿಗೋ, ಜನರಿಗೋ? ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ ಸೈಕಲ್ ಸವಾರರು 1974ರಲ್ಲಿಯೇ ಈ ಪ್ರಶ್ನೆಯನ್ನೆತ್ತಿದರು. ಅಂದು ಮೊದಲ್ಗೊಂಡ ‘ಸಿಕ್ಲೊವಿಯಾ’ ಇಂದಿಗೂ ನಡೆದಿದೆ. ಪ್ರತಿ ಭಾನುವಾರ ಹಾಗೂ ರಜಾದಿನಗಳಂದು ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆಗಳಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಉತ್ತರದ ಸಿರಿವಂತರನ್ನೂ ದಕ್ಷಿಣದ ಬಡವರನ್ನೂ ಒಂದೇ ರಸ್ತೆ ಕೂಡಿಸುತ್ತದೆ. ಉದ್ಯಾನಗಳಲ್ಲಿ ಸಾಮೂಹಿಕ ವ್ಯಾಯಾಮವೂ ಉಚಿತವಾಗಿ ನಡೆಯುತ್ತದೆ.

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ವಾರಾಂತ್ಯಗಳಂದು ಇಂತಹುದೇ ಪ್ರಯೋಗ ನಡೆದು, ಕೆಲವೇ ತಿಂಗಳುಗಳಲ್ಲಿ ಕೊನೆಗೊಂಡಿತು. ಬೊಗೊಟಾದಲ್ಲಿ ಅದು ಇಡೀ ನಗರವನ್ನು ಬೆಸೆಯುವ ವಾರದ ರೂಢಿ. ಇಲ್ಲಿ ಒಂದೇ ಬೀದಿಗೆ ಸೀಮಿತವಾದ, ಗಡುವುಳ್ಳ ಯೋಜನೆ. ವಾಹನವಿಲ್ಲದ ಮನೆಯ ಮಗುವಿಗೂ ಬೀದಿಯಲ್ಲಿ ಪಾಲುಂಟೆಂಬುದನ್ನು ಆಡಳಿತವೂ ನಾಗರಿಕರೂ ಒಪ್ಪಿದಲ್ಲಿ ಮಾತ್ರ ಇಂತಹ ಪ್ರಯೋಗ ಇಲ್ಲಿಯೂ ಬೇರೂರೀತು.